ಚಂದಾ ಹಣದ ಲೆಕ್ಕ ಇಟ್ಟ ಸಂಪಾದಕ: ವಿಲಿಯಂ ಡಿಗ್ಬಿ

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ವಿಲಿಯಂ ಡಿಗ್ಬಿ ಅವರ ಹೆಸರು ದಾದಾಭಾಯಿ ನವರೋಜಿ ಮತ್ತು ರಮೇಶಚಂದ್ರ ದತ್ತರ ಹೆಸರಿನ ಜೊತೆ ಬರುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತ ಹೇಗೆ ಬಡವಾಯಿತು ಎಂದು ಅಂಕಿಸಂಖ್ಯೆ ಮುಂದಿಟ್ಟು ತೋರಿಸಿದವರಲ್ಲಿ ಅವರೂ ಒಬ್ಬರು. ಅವರು ಸ್ವತಃ ಇಂಗ್ಲಿಷರು. ರಾಜಾ ರಾಮಮೋಹನ ರಾಯರ ಮೇಲಧಿಕಾರಿಯಾಗಿದ್ದ ಜಾನ್ ಡಿಗ್ಬಿ ಬೇರೆ, ಇವರು ಬೇರೆ. ಇವರು ಪತ್ರಕರ್ತರು. ಹುಟ್ಟಿದ್ದು 1849ರಲ್ಲಿ, ತೀರಿಕೊಂಡದ್ದು 1904ರಲ್ಲಿ.

ಅವರ 55 ವರ್ಷದ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು 1877 ಮತ್ತು 1878, ಈ ಎರಡೇ ವರ್ಷ. ಆಗ ದಕ್ಷಿಣ ಭಾರತದಲ್ಲಿ ದೊಡ್ಡ ಬರ ಬಿದ್ದಿತ್ತು. ಜನ ಕೊಟ್ಟ ಚಂದಾ ಹಣವನ್ನು ಬರಪೀಡಿತರಿಗೆ ಹಂಚಲು ಮದ್ರಾಸಿನಲ್ಲಿ ಒಂದು ಸಮಿತಿ ಆಗಿತ್ತು. ಡಿಗ್ಬಿ ಅದರ ಗೌರವ ಕಾರ್ಯದರ್ಶಿ. ಗೌರವ ಕಾರ್ಯದರ್ಶಿ ಎಂದರೆ ಸಂಬಳ ಇಲ್ಲ, ಜವಾಬ್ದಾರಿ ಮಾತ್ರ. ಆ ಸಮಿತಿಗೆ ಸರ್ಕಾರದ ಜೊತೆ ಜಗ್ಗಾಟ ನಡೆಯಿತು. ಜನರ ಹಣ ಯಾರ ಮಾತಿನಂತೆ ಖರ್ಚಾಗಬೇಕು ಎಂಬುದೇ ಜಗ್ಗಾಟದ ವಿಷಯ.

ಅಕೌಂಟೆನ್ಸಿಯಲ್ಲಿ ಲಾಭಕ್ಕಾಗಿ ನಡೆಯದ ಸಂಸ್ಥೆಗಳ ಲೆಕ್ಕ ಓದಿದವರಿಗೆ ಇದು ಬೇಗ ತಿಳಿಯುತ್ತದೆ. ಸಾಮಾನ್ಯ ದೇಣಿಗೆ ಬಂದರೆ ಅದನ್ನು ಆದಾಯ ಎಂದು ಬರೆಯುತ್ತೇವೆ. ಇಂಥದ್ದೇ ಕೆಲಸಕ್ಕೆ ಎಂದು ಹೇಳಿ ಕೊಟ್ಟ ದೇಣಿಗೆಯನ್ನು ಆದಾಯಕ್ಕೆ ಸೇರಿಸುವಂತಿಲ್ಲ. ಅದನ್ನು ಬ್ಯಾಲೆನ್ಸ್ ಶೀಟ್‌ನಲ್ಲಿ ಜವಾಬ್ದಾರಿಯ ಬದಿಗೆ ಬರೆಯಬೇಕು. ಹಣ ನಮ್ಮ ಪೆಟ್ಟಿಗೆಯಲ್ಲಿದ್ದರೂ ನಮ್ಮದಲ್ಲ, ಅದು ಸಾಲದ ಹಾಗೆ. ಮೊದಲ ಸಲ ಓದಿದಾಗ ಇದು ನನಗೆ ವಿಚಿತ್ರ ಅನಿಸಿತ್ತು. ಮನೆಯಲ್ಲಿ ಹೇಳಿದಾಗ ನಮ್ಮ ನಾನಿ ಒಂದೇ ಶಬ್ದದಲ್ಲಿ ಬಿಡಿಸಿದರು: ಅಮಾನತ್. ಡಿಗ್ಬಿ ಅವರ ಈ ಎರಡು ವರ್ಷದ ಕಥೆ ಅಮಾನತ್ತಿನ ಕಥೆಯೇ.

ಡಿಗ್ಬಿ ಹುಟ್ಟಿದ್ದು ಇಂಗ್ಲೆಂಡಿನ ವಿಸ್‌ಬೆಕ್ ಎಂಬ ಸಣ್ಣ ಊರಿನ ಹತ್ತಿರ, 1849ರ ಮೇ 1ರಂದು. ದೊಡ್ಡ ಕಾಲೇಜಿನಲ್ಲಿ ಓದಿದವರಲ್ಲ. 1864ರಲ್ಲಿ, ಸುಮಾರು ನಮ್ಮ ವಯಸ್ಸಿಗೂ ಮೊದಲೇ, ಊರಿನ ಪತ್ರಿಕೆಯ ಕಚೇರಿಯಲ್ಲಿ ಕೆಲಸ ಕಲಿಯಲು ಸೇರಿದರು. ಏಳು ವರ್ಷ ಅಲ್ಲೇ ಕಳೆದರು. 1871ರಲ್ಲಿ ಹಡಗು ಹತ್ತಿ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ ಬಂದರು. ಕೊಲಂಬೊದ 'ಸಿಲೋನ್ ಅಬ್ಸರ್ವರ್' ಪತ್ರಿಕೆಯ ಉಪಸಂಪಾದಕರಾದರು. ಅಲ್ಲಿನ ಶಾಸನ ಸಭೆಯ ಚರ್ಚೆಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸವೂ ಅವರದೇ ಆಗಿತ್ತು. ಬಡವರು ಉಣ್ಣುವ ಅಕ್ಕಿಯ ಮೇಲೆ ತೆರಿಗೆ ಇರಬಾರದು ಎಂದು ಅವರು ಬರೆದ ಲೇಖನಗಳು ಇಂಗ್ಲೆಂಡಿನ ತನಕ ಹೆಸರಾದವು. ಮುಕ್ತ ವ್ಯಾಪಾರವನ್ನು ಬೆಂಬಲಿಸುವ ಕಾಬ್ಡನ್ ಕ್ಲಬ್ ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತು. ಮುಂದೆ ಅವರು ಏನಾದರು ಎಂಬುದರ ಗುರುತು ಇಲ್ಲೇ ಸಿಗುತ್ತದೆ. ಸಭೆಯಲ್ಲಿ ಯಾರು ಏನು ಹೇಳಿದರು ಎಂದು ತಪ್ಪಿಲ್ಲದೆ ಬರೆದಿಡುವುದು ಮತ್ತು ಅನ್ನದ ಬೆಲೆಯನ್ನು ಗಮನಿಸುವುದು ಅವರಿಗೆ ರೂಢಿಯಾಗಿತ್ತು.

1877ರಲ್ಲಿ ಅವರು 'ಮದ್ರಾಸ್ ಟೈಮ್ಸ್' ಪತ್ರಿಕೆಯ ಸಂಪಾದಕರಾದರು. ಆಗ ಅವರಿಗೆ ಸುಮಾರು 28 ವರ್ಷ. ಅವರು ಬಂದಾಗ ಬರ ಆಗಲೇ ಶುರುವಾಗಿತ್ತು.

ಮದ್ರಾಸಿನ ಸಂಪಾದಕರಿಗೂ ನಮ್ಮ ಬಾಗಲಕೋಟೆಗೂ ಏನು ಸಂಬಂಧ ಎಂದು ಕೇಳಬಹುದು. ಆ ಬರ ಮದ್ರಾಸಿನದು ಮಾತ್ರ ಆಗಿರಲಿಲ್ಲ. ಮದ್ರಾಸ್ ಪ್ರಾಂತ್ಯ, ಮೈಸೂರು, ಹೈದರಾಬಾದ್ ಮತ್ತು ಮುಂಬಯಿ ಪ್ರಾಂತ್ಯದ ದಕ್ಷಿಣ ಜಿಲ್ಲೆಗಳು, ಎಲ್ಲ ಕಡೆ ಮಳೆ ಹೋಯಿತು. ಧಾತು ಮತ್ತು ಈಶ್ವರ ಸಂವತ್ಸರದಲ್ಲಿ ಬಂದದ್ದರಿಂದ ಹಳಬರು ಅದನ್ನು ಧಾತು ಈಶ್ವರ ಬರ ಎನ್ನುತ್ತಿದ್ದರು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿದ್ದವು. ಈಗ ನಾವು ದಾಳಿಂಬೆ, ಚಿಕ್ಕೂ ತರುವ ಕಲಾದಗಿಯೇ ಆಗ ಜಿಲ್ಲಾಕೇಂದ್ರ. ವಿಜಯಪುರ ಕೇಂದ್ರವಾದದ್ದು ಆಮೇಲೆ.

1876ರಲ್ಲಿ ನಮ್ಮ ಕಡೆ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಎರೆಭೂಮಿಯಲ್ಲಿ ಬಿಳಿಜೋಳ ಬಿತ್ತುವುದು ಹಿಂಗಾರಿನ ಹದ ನೋಡಿ. ಹದವೇ ಇಲ್ಲದಿದ್ದರೆ ಬಿತ್ತನೆ ಇಲ್ಲ, ಬಿತ್ತನೆ ಇಲ್ಲದಿದ್ದರೆ ಕಾಳೂ ಇಲ್ಲ, ಕಣಿಕೆಯೂ ಇಲ್ಲ. ಜಿಲ್ಲೆಗೆ ಆಗ ರೈಲು ಇರಲಿಲ್ಲ. ಬಡಗಣ ದಿಕ್ಕಿಗೆ ಸೊಲ್ಲಾಪುರ, ಆಗ್ನೇಯಕ್ಕೆ ಬಳ್ಳಾರಿ, ಅಲ್ಲಿಯ ತನಕ ಮಾತ್ರ ರೈಲು. ಅಲ್ಲಿಂದ ಚಕ್ಕಡಿಯಲ್ಲೇ ಕಾಳು ಬರಬೇಕು. ಚಕ್ಕಡಿ ಎಳೆಯುವ ಎತ್ತಿಗೇ ಮೇವು ಇಲ್ಲದಾಗ ಕಾಳು ಬರುವುದು ಹೇಗೆ? ಜನ ಊರು ಬಿಟ್ಟರು. ನಮ್ಮ ಕಡೆ ಗುಳೆ ಹೋಗುವುದು ಎನ್ನುತ್ತೇವಲ್ಲ, ಅದೇ.

1872ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ 8,16,273. 1881ರಲ್ಲಿ 6,38,493. ಒಂಬತ್ತು ವರ್ಷದಲ್ಲಿ ಜನ ಹೆಚ್ಚಾಗಬೇಕಿತ್ತು. ಆದರೆ 1,77,780 ಕಡಿಮೆಯಾಯಿತು. ನೂರಕ್ಕೆ ಸುಮಾರು 22. ಅದರಲ್ಲಿ ಸತ್ತವರೂ ಇದ್ದಾರೆ, ಗುಳೆ ಹೋಗಿ ತಿರುಗಿ ಬಾರದವರೂ ಇದ್ದಾರೆ. ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಐದು ಹೆಸರಿಗೆ ಒಂದು ಹೆಸರು ಹೊಡೆದು ಹಾಕಿದರೆ ಹೇಗೋ ಹಾಗೆ.

ಸರ್ಕಾರ ಏನು ಮಾಡುತ್ತಿತ್ತು? ಇದನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದರು. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಅದಕ್ಕೆ ಅವರಿಗೆ ಸಿಕ್ಕಿದ್ದು ಮೆಚ್ಚುಗೆಗಿಂತ ಹೆಚ್ಚಾಗಿ ದುಂದುಗಾರ ಎಂಬ ಬೈಗುಳ. ಮುಂದಿನ ಬರಕ್ಕೆ ಅದೇ ಟೆಂಪಲ್ ಅವರನ್ನು ವೈಸರಾಯ್ ಲಾರ್ಡ್ ಲಿಟ್ಟನ್ ದಕ್ಷಿಣಕ್ಕೆ ಕಳಿಸಿದರು, ಆದರೆ ಈ ಸಲ ಖರ್ಚು ಉಳಿಸಲು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು ಮತ್ತು ಸ್ವಲ್ಪ ಚಿಲ್ಲರೆ ದುಡ್ಡು ಸಾಕು ಎಂದು 1877ರ ಜನವರಿಯಲ್ಲಿ ಅವರು ಗೊತ್ತುಮಾಡಿದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕಿಂತ ಕಡಿಮೆ. ಅದನ್ನು ಉಂಡು ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದು ಜೀವ ಹಿಡಿಯಲು ಸಾಲದು ಎಂದು ವಿರೋಧಿಸಿದರು. ಮುಂಬಯಿ ಪ್ರಾಂತ್ಯದಲ್ಲಿ ಕೂಲಿಕಾರರು ಕೆಲಸ ಬಿಟ್ಟು ಎದ್ದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಬರೆಯಿತು. ಟೆಂಪಲ್ ಅದೇ ವರ್ಷ ನಮ್ಮ ಮುಂಬಯಿ ಪ್ರಾಂತ್ಯದ ಗವರ್ನರ್ ಆದರು.

ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು ಎಂಬುದು ಲಿಟ್ಟನ್ ಅವರ ಗಟ್ಟಿ ನೀತಿ. ಬೆಲೆ ಏರಿದರೆ ವ್ಯಾಪಾರಿಗಳೇ ಕಾಳು ತರುತ್ತಾರೆ ಎಂದು ಅವರ ನಂಬಿಕೆ. ಅರ್ಥಶಾಸ್ತ್ರದಲ್ಲಿ ನಾವು ಬೇಡಿಕೆ ಮತ್ತು ಪೂರೈಕೆಯ ರೇಖೆ ಎಳೆಯುತ್ತೇವೆ. ಆದರೆ ಕೈಯಲ್ಲಿ ದುಡ್ಡಿಲ್ಲದವನ ಹಸಿವು ಆ ಚಿತ್ರದಲ್ಲಿ ಬೇಡಿಕೆ ಎಂದು ಲೆಕ್ಕಕ್ಕೇ ಬರುವುದಿಲ್ಲ. ಮದ್ರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ 1876ರ ಕೊನೆಗೆ ಗುಟ್ಟಾಗಿ 30,000 ಟನ್ ಧಾನ್ಯ ಕೊಳ್ಳಲು ಏರ್ಪಾಟು ಮಾಡಿದಾಗ ಲಿಟ್ಟನ್ ಸರ್ಕಾರ ಅದನ್ನು ತಪ್ಪು ಎಂದಿತು. ಆದ್ದರಿಂದ ಚಂದಾ ಎತ್ತುವ ಮಾತು ಬರುವ ಮೊದಲೇ ವೈಸರಾಯರಿಗೂ ಮದ್ರಾಸ್ ಗವರ್ನರರಿಗೂ ಮನಸ್ಸು ಕೆಟ್ಟಿತ್ತು.

ಡಿಗ್ಬಿ ತಮ್ಮ ಪತ್ರಿಕೆಯಲ್ಲಿ ಬರದ ಸುದ್ದಿ ಬಿಡದೆ ಬರೆಯುತ್ತಿದ್ದರು. 1877ರ ಮುಂಗಾರೂ ತಡವಾದಾಗ ಸರ್ಕಾರದ ಪರಿಹಾರ ಒಂದರಿಂದಲೇ ಆಗುವುದಿಲ್ಲ, ಇಂಗ್ಲೆಂಡಿನ ಜನರನ್ನು ನೇರವಾಗಿ ಕೇಳಬೇಕು ಎಂಬ ಮಾತು ಬಲವಾಯಿತು. ಅದನ್ನು ಮುಂದೆ ತಂದವರಲ್ಲಿ ಡಿಗ್ಬಿ ಮುಖ್ಯರು. 1877ರ ಆಗಸ್ಟ್ 4ರಂದು ಮದ್ರಾಸಿನಲ್ಲಿ ಗವರ್ನರರ ಅಧ್ಯಕ್ಷತೆಯಲ್ಲಿ ಸಾರ್ವಜನಿಕ ಸಭೆ ಸೇರಿತು. ಸಭೆಯ ಪರವಾಗಿ ಇಂಗ್ಲೆಂಡಿನ ನಗರಗಳಿಗೆ ತಂತಿ ಹೋಯಿತು. ಲಂಡನ್ನಿನ ಮೇಯರ್ ಸರ್ ಥಾಮಸ್ ವೈಟ್ ತಮ್ಮ ಅಧಿಕೃತ ನಿವಾಸವಾದ ಮ್ಯಾನ್ಷನ್ ಹೌಸ್‌ನಲ್ಲಿ ನಿಧಿ ತೆರೆದರು. ಆ ಹೆಸರೇ ನಿಧಿಗೆ ಉಳಿಯಿತು.

ಹಣ ಹರಿದು ಬಂತು. ದೊಡ್ಡ ಕಂಪನಿಗಳು ಕೊಟ್ಟವು, ಲ್ಯಾಂಕಾಷೈರಿನ ಗಿರಣಿ ಊರುಗಳು ಕೊಟ್ಟವು, ದೂರದ ಆಸ್ಟ್ರೇಲಿಯಾದಿಂದಲೂ ಬಂತು. ಲ್ಯಾಂಕಾಷೈರಿಗೂ ನಮ್ಮ ಹತ್ತಿ ಹೊಲಗಳಿಗೂ ಹಳೆಯ ನಂಟು. 1860ರ ದಶಕದಲ್ಲಿ ಅಮೆರಿಕದ ಯುದ್ಧದಿಂದ ಹತ್ತಿ ನಿಂತು ಅಲ್ಲಿನ ಕಾರ್ಮಿಕರು ಉಪವಾಸ ಬಿದ್ದಾಗ ಭಾರತದಿಂದಲೂ ಚಂದಾ ಹೋಗಿತ್ತು. ಈಗ ಅವರ ಸರದಿ. ಒಟ್ಟು ಸೇರಿದ್ದು ಸುಮಾರು 8,20,000 ಪೌಂಡ್.

ಇದನ್ನು ಕೇಳಿ ಲಿಟ್ಟನ್ ಅವರಿಗೆ ಸಂತೋಷ ಆಗಬೇಕಿತ್ತು ಎಂದು ನಾವು ಅಂದುಕೊಳ್ಳುತ್ತೇವೆ. ಆಗಲಿಲ್ಲ. ತಮ್ಮನ್ನು ಕೇಳದೆ ಮದ್ರಾಸಿನವರು ನೇರವಾಗಿ ಇಂಗ್ಲೆಂಡಿಗೆ ತಂತಿ ಹೊಡೆದರು ಎಂಬುದು ಅವರ ಮೊದಲ ಸಿಟ್ಟು. ಎರಡನೆಯದು ಇನ್ನೂ ದೊಡ್ಡದು. ಜನರ ಜೀವ ಉಳಿಸುವ ಹೊಣೆ ತನ್ನದು ಎಂದು ಸರ್ಕಾರ ಹೇಳಿಕೊಂಡಿತ್ತು. ಊರೂರಲ್ಲಿ ಚಂದಾ ಎತ್ತಿದರೆ ಸರ್ಕಾರ ಸೋತಿದೆ ಎಂದು ಜಗತ್ತಿಗೆ ಸಾರಿದ ಹಾಗೆ ಆಗುತ್ತದೆ. ಮೂರನೆಯದು ಲೆಕ್ಕದ ಪ್ರಶ್ನೆ. ಸರ್ಕಾರ ಊಟ ಕೊಡುವವನಿಗೇ ಸಮಿತಿಯೂ ಕೊಟ್ಟರೆ ಒಬ್ಬನಿಗೆ ಎರಡು ಕಡೆ, ಇನ್ನೊಬ್ಬನಿಗೆ ಎಲ್ಲೂ ಇಲ್ಲ.

ಮೊದಲ ಎರಡು ಕಾರಣಗಳನ್ನು ನಾನು ಒಪ್ಪುವುದಿಲ್ಲ. ಮೂರನೆಯದರಲ್ಲಿ ನ್ಯಾಯ ಇದೆ ಎಂದು ಒಪ್ಪಲೇಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿದಾಗ ನಮ್ಮ ಓಣಿಯಿಂದಲೂ ಪಟ್ಟಿ ಎತ್ತಿ ರೊಟ್ಟಿ, ಚಾದರ ಕಳಿಸಿದ್ದರು. ರಸ್ತೆ ಬದಿಯ ಊರಿಗೆ ಮೂರು ಮೂರು ಗಾಡಿ ಹೋಗಿ, ಒಳಗಿನ ಊರಿಗೆ ಒಂದೂ ಹೋಗಲಿಲ್ಲ ಎಂದು ಅಬ್ಬಾ ಬಂದು ಹೇಳಿದ್ದು ನನಗೆ ನೆನಪಿದೆ. ಕೊಡುವ ಮನಸ್ಸು ಇದ್ದರೆ ಸಾಲದು, ಯಾರು ಯಾರಿಗೆ ಕೊಡುತ್ತಾರೆ ಎಂಬ ಗೊತ್ತುಪಾಡು ಬೇಕು.

ಆದರೆ ಸಮಿತಿಯ ಕಡೆಗೂ ಒಂದು ಭಯ ಇತ್ತು. ಸರ್ಕಾರ ಮಾಡಲೇಬೇಕಾದ ಕೆಲಸಕ್ಕೆ ಚಂದಾ ಹಣ ಬಳಸಿದರೆ ಉಳಿಯುವುದು ಸರ್ಕಾರದ ಖಜಾನೆಯ ಹಣ. ಗಿರಣಿ ಕಾರ್ಮಿಕ ತನ್ನ ವಾರದ ಕೂಲಿಯಿಂದ ಕೊಟ್ಟದ್ದು ಹಸಿದವನ ಹೊಟ್ಟೆಗೆ, ಖಜಾನೆಗೆ ಅಲ್ಲ. ಆದ್ದರಿಂದ ಎರಡೂ ಖಾತೆ ಬೇರೆ ಇರಬೇಕು ಎಂಬುದರಲ್ಲಿ ಸರ್ಕಾರಕ್ಕೂ ಸಮಿತಿಗೂ ಒಂದೇ ಮಾತು. ಗೆರೆ ಎಲ್ಲಿ ಎಳೆಯಬೇಕು, ಅದನ್ನು ಎಳೆಯುವವರು ಯಾರು ಎಂಬುದರಲ್ಲಿ ಜಗಳ.

1877ರ ಆಗಸ್ಟ್ ಕೊನೆಗೆ ಲಿಟ್ಟನ್ ಸ್ವತಃ ದಕ್ಷಿಣಕ್ಕೆ ಬಂದರು. ಬಳ್ಳಾರಿಯಲ್ಲಿ ಗವರ್ನರರನ್ನು ಕಂಡು ಮದ್ರಾಸಿಗೆ ಹೋದರು. ಸರ್ಕಾರದ ಪರಿಹಾರ ವ್ಯವಸ್ಥೆ ಬದಲಾಯಿತು, ಅದನ್ನು ನಡೆಸಲು ಮುಂಬಯಿ ಕಡೆಯಿಂದ ಜನರಲ್ ಕೆನಡಿ ಎಂಬ ಎಂಜಿನಿಯರ್ ಅಧಿಕಾರಿ ಬಂದರು. ಚಂದಾ ನಿಧಿ ನಿಲ್ಲಲಿಲ್ಲ. ಬದಲಿಗೆ ಅದಕ್ಕೆ ಬೇರೆ ಕ್ಷೇತ್ರ ಗೊತ್ತಾಯಿತು. ಕಾಮಗಾರಿ ಮತ್ತು ಶಿಬಿರಗಳಲ್ಲಿ ಜೀವ ಉಳಿಸುವ ಊಟ ಸರ್ಕಾರದ್ದು. ಸರ್ಕಾರದ ಕೈ ತಲುಪದವರು, ಅನಾಥ ಮಕ್ಕಳು, ಬೇಡಲು ಹೊರಗೆ ಬಾರದ ಮರ್ಯಾದಸ್ಥ ಬಡವರು, ಮತ್ತೆ ಬೇಸಾಯ ಹಿಡಿಯಬೇಕಾದ ರೈತರು, ಇವರು ನಿಧಿಯ ಪಾಲಿಗೆ ಬಂದರು.

ಡಿಗ್ಬಿ ಅವರ ನಿಜವಾದ ಕೆಲಸ ಶುರುವಾದದ್ದು ಇಲ್ಲಿಂದ. ನೂರಕ್ಕೂ ಹೆಚ್ಚು ಸ್ಥಳೀಯ ಸಮಿತಿಗಳ ಮೂಲಕ ಹಣ ಹೋಗಬೇಕಿತ್ತು. ಯಾವ ಜಿಲ್ಲೆಗೆ ಎಷ್ಟು, ಯಾವ ಕೆಲಸಕ್ಕೆ, ಯಾರ ಕೈಯಲ್ಲಿ, ಖರ್ಚಿನ ವಿವರ ಬಂತೇ, ಲಂಡನ್ನಿಗೆ ವರದಿ ಹೋಯಿತೇ – ಇವೆಲ್ಲ ಕಾರ್ಯದರ್ಶಿಯ ಮೇಜಿನ ಮೇಲೆ. ಜೊತೆಗೆ ದಿನಪತ್ರಿಕೆ ನಡೆಸಬೇಕು. ನಿಧಿಯ ಒಂದು ಪಾಲು ಮೈಸೂರಿಗೂ, ನಾವು ಸೇರಿದ್ದ ಮುಂಬಯಿ ಪ್ರಾಂತ್ಯಕ್ಕೂ ಹೋಯಿತು.

ಮಳೆ ಬಂದ ಮೇಲೆ ಬರ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ರೈತರ ಮನೆಯವರಿಗೆ ಗೊತ್ತು, ಮಳೆ ಬಂದ ದಿನವೇ ಹೊಸ ಕಷ್ಟ ಶುರು. ಬಿತ್ತನೆ ಕಾಳನ್ನು ಉಂಡು ಮುಗಿಸಿರುತ್ತಾರೆ. ಎತ್ತು ಸತ್ತಿರುತ್ತವೆ, ಇಲ್ಲವೇ ಮಾರಿ ಹೋಗಿರುತ್ತವೆ. ಮಾಳಿಗೆಯ ತೊಲೆ ಕಿತ್ತು ಮಾರಿರುತ್ತಾರೆ. ಸರ್ಕಾರದ ಶಿಬಿರ ಹಸಿದವನಿಗೆ ಗಂಜಿ ಕೊಡುತ್ತದೆ, ಎತ್ತು ಕೊಡುವುದಿಲ್ಲ. ಸಮಿತಿ ಬಿತ್ತನೆ ಕಾಳಿಗೆ, ಎತ್ತಿಗೆ, ಮನೆಯ ಚಾವಣಿಗೆ, ಬಟ್ಟೆಗೆ ಹಣ ಕೊಟ್ಟಿತು. ಹೀಗೆ ಕೊಟ್ಟದ್ದು ದಾನ ಆದರೂ ಬಂಡವಾಳದ ಕೆಲಸ ಮಾಡಿತು. ಒಂದು ಜೋಡಿ ಎತ್ತು ಸಿಕ್ಕ ರೈತ ಮುಂದಿನ ವರ್ಷ ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

ಪರದೆಯಲ್ಲಿರುವ ಹೆಂಗಸರ ವಿಷಯವೂ ಬಂತು. ಮದ್ರಾಸ್ ಕಡೆ ಅವರನ್ನು ಗೋಷಾ ಹೆಂಗಸರು ಎನ್ನುತ್ತಾರೆ. ಕಾಮಗಾರಿಗೆ ಹೋಗಿ ಮಣ್ಣು ಹೊರುವುದಾಗಲಿ, ಗಂಜಿಗೆ ಸಾಲು ನಿಲ್ಲುವುದಾಗಲಿ ಅವರಿಂದ ಆಗದು. ಬಾಗಿಲು ಹಾಕಿಕೊಂಡು ಒಳಗೇ ಸಾಯುವವರು ಅವರು. ಸರ್ಕಾರದ ನಿಯಮಕ್ಕೆ ಅವರು ಕಾಣುವುದಿಲ್ಲ, ಏಕೆಂದರೆ ಕೆಲಸಕ್ಕೆ ಬಂದವನೇ ಬಡವ ಎಂಬುದು ಆಗಿನ ನಿಯಮ. ಮನೆಯ ಬಾಗಿಲಿಗೆ ಹೋಗಿ ಕೊಡುವ ಕೆಲಸವನ್ನು ಇಂಥ ಸಮಿತಿ ಮಾತ್ರ ಮಾಡಬಲ್ಲದು.

ಇದನ್ನು ಓದುವಾಗ ನನಗೆ ಇಳಕಲ್ ಕಣ್ಣ ಮುಂದೆ ಬಂತು. ನಮ್ಮ ತಾಯಿಯ ತವರು ಅಲ್ಲಿ. ನಾನಾ ಮಗ್ಗದ ಮೇಲೆ ಕೂತು ಸೀರೆ ನೇಯುತ್ತಿದ್ದರು. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಅಂಥ ಬೆರಳುಗಳಿಗೆ ಸುತ್ತಿಗೆ ಕೊಟ್ಟು ಕಲ್ಲು ಒಡೆ ಎಂದರೆ ಹೊಟ್ಟೆ ಅರ್ಧ ತುಂಬೀತು, ಕಸಬು ಪೂರ್ತಿ ಹೋದೀತು. ಬರದಲ್ಲಿ ಜನ ಮೊದಲು ಬಿಡುವುದು ಬಟ್ಟೆ ಕೊಳ್ಳುವುದನ್ನು. ಹೊಲ ಒಣಗಿದ ಮೇಲೆ ಮಗ್ಗ ನಿಲ್ಲಲು ತಡ ಆಗುವುದಿಲ್ಲ. ನೇಕಾರನಿಗೆ ಬೇಕಾದದ್ದು ನೂಲು ಮತ್ತು ನೇಯ್ದದ್ದನ್ನು ಕೊಳ್ಳುವವರು. ಯಾರಿಗೆ ಏನು ಬೇಕು ಎಂದು ಕೇಳಿ ಕೊಡುವುದಕ್ಕೂ, ಎಲ್ಲರಿಗೂ ಒಂದೇ ಅಳತೆ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು.

ಸಮಿತಿಯನ್ನು ಸುಮ್ಮನೆ ಹೊಗಳಲೂ ಆಗದು. ಹಣ ಬರಲು ಶುರುವಾದದ್ದು 1877ರ ಆಗಸ್ಟ್ ಆದ ಮೇಲೆ. ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು, ಲಕ್ಷಗಟ್ಟಲೆ ಜನ ಹೋಗಿದ್ದರು. ಆ ಬರದಲ್ಲಿ ಬ್ರಿಟಿಷ್ ಆಡಳಿತದ ಪ್ರದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂಬುದು ಮುಂದೆ ಸರ್ಕಾರದ ಕ್ಷಾಮ ಆಯೋಗವೇ ಮಾಡಿದ ಅಂದಾಜು. ಚಂದಾ ಎಷ್ಟು ದೊಡ್ಡದಾದರೂ ಸರ್ಕಾರ ಸಮಯಕ್ಕೆ ಮಾಡದ ಕೆಲಸವನ್ನು ತುಂಬಿಕೊಡಲಾರದು. ಸಮಿತಿಯೂ ಸರ್ಕಾರದಿಂದ ಪೂರ್ತಿ ಬೇರೆ ಆಗಿರಲಿಲ್ಲ. ಅದನ್ನು ಶುರು ಮಾಡಿದ ಸಭೆಗೆ ಗವರ್ನರರೇ ಅಧ್ಯಕ್ಷರು, ಜಿಲ್ಲೆಗಳಲ್ಲಿ ಅಧಿಕಾರಿಗಳ ನೆರವಿಲ್ಲದೆ ಹಂಚುವ ದಾರಿಯೂ ಇರಲಿಲ್ಲ. ಡಿಗ್ಬಿ ಸರ್ಕಾರದ ಜೊತೆ ಕೆಲಸ ಮಾಡುತ್ತಲೇ ಸರ್ಕಾರವನ್ನು ಪ್ರಶ್ನಿಸಬೇಕಾಗಿತ್ತು. ಇದು ಸುಲಭ ಅಲ್ಲ.

1878ರ ಜನವರಿಯಲ್ಲಿ ಸರ್ಕಾರ ಅವರಿಗೆ ಸಿ.ಐ.ಇ. ಬಿರುದು ಕೊಟ್ಟಿತು. ಅದೇ ವರ್ಷ ಅವರ ಪತ್ನಿ ತೀರಿಕೊಂಡರು. ಅದೇ ವರ್ಷ ಅವರ ಎರಡು ಸಂಪುಟಗಳ ದೊಡ್ಡ ಪುಸ್ತಕ ಹೊರಬಂತು. ಮದ್ರಾಸ್, ಮುಂಬಯಿ ಮತ್ತು ಮೈಸೂರು ಮೂರರಲ್ಲೂ 1876ರಿಂದ 1878ರ ತನಕ ಬರವನ್ನು ಹೇಗೆ ಎದುರಿಸಿದರು ಎಂಬ ವಿವರ ಅದರಲ್ಲಿದೆ. ಬಿರುದು ಬಂದ ಮೇಲೆ ಬಾಯಿ ಮುಚ್ಚಿಕೊಳ್ಳುವವರು ಬಹಳ ಜನ. ಡಿಗ್ಬಿ ಸರ್ಕಾರದ ತಪ್ಪನ್ನೂ ಬರೆದರು, ಒಳ್ಳೆಯ ಕೆಲಸ ಮಾಡಿದ ಅಧಿಕಾರಿಗಳ ವಿಷಯವನ್ನೂ ಬರೆದರು, ಸಮಿತಿಯ ಹಣ ಎಲ್ಲಿ ಹೋಯಿತು ಎಂಬುದನ್ನೂ ಬರೆದರು. ಹಣ ಕೊಟ್ಟವನು ಲಂಡನ್ನಿನಲ್ಲೇ ಇರಲಿ, ಆಸ್ಟ್ರೇಲಿಯಾದಲ್ಲೇ ಇರಲಿ, ಪುಸ್ತಕ ತೆರೆದರೆ ಲೆಕ್ಕ ಸಿಗಬೇಕು.

ಇದೇ ಸಮಯದಲ್ಲಿ ಸರ್ಕಾರ ಇನ್ನೊಂದು ನಿಧಿ ಮಾಡಿತು. ಮುಂದೆ ಬರ ಬಂದರೆ ಬೇಕಾಗುತ್ತದೆ ಎಂದು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ತೆಗೆದಿಡುವ ಯೋಜನೆ. ಅದಕ್ಕಾಗಿ 1878ರಲ್ಲಿ ವ್ಯಾಪಾರಿಗಳ ಮೇಲೆ ಲೈಸೆನ್ಸ್ ತೆರಿಗೆಯನ್ನೂ ಹಾಕಿದರು. ಆದರೆ ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನದ ಮೇಲೆ ಯುದ್ಧ ಶುರುವಾಯಿತು. ಬರದ ಹೆಸರಿನಲ್ಲಿ ಎತ್ತಿದ ಹಣ ಬರಕ್ಕೆ ಉಳಿಯದೆ ಯುದ್ಧದ ಖರ್ಚಿನಲ್ಲಿ ಕರಗಿತು ಎಂದು ಭಾರತದಲ್ಲೂ ಇಂಗ್ಲೆಂಡಿನಲ್ಲೂ ದೊಡ್ಡ ಆರೋಪ ಎದ್ದಿತು. ಎರಡೂ ನಿಧಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಸಮಿತಿಯ ನಿಧಿ ಜವಾಬ್ದಾರಿಯ ಬದಿಯಲ್ಲೇ ಉಳಿಯಿತು. ಸರ್ಕಾರದ ನಿಧಿ ಸಾಮಾನ್ಯ ಆದಾಯದ ಜೊತೆ ಬೆರೆಯಿತು. ಅಮಾನತ್ತಿನಲ್ಲಿ ಖಯಾನತ್ ಎಂದು ನಮ್ಮ ಮನೆಯಲ್ಲಿ ಇದನ್ನೇ ಹೇಳುತ್ತಾರೆ. ಚಂದಾ ಸಮಿತಿಯ ಮೇಲೆ ಸಂಶಯಪಟ್ಟ ಸರ್ಕಾರವೇ ತನ್ನ ನಿಧಿಯನ್ನು ಬೇರೆಯಾಗಿ ಇಡಲಿಲ್ಲ.

1879ರಲ್ಲಿ ಡಿಗ್ಬಿ ಇಂಗ್ಲೆಂಡಿಗೆ ಹಿಂತಿರುಗಿದರು. ಅಲ್ಲಿ ಎರಡು ಪತ್ರಿಕೆಗಳ ಸಂಪಾದಕರಾಗಿ ಕೆಲಸ ಮಾಡಿದರು. 1882ರಿಂದ 1887ರ ತನಕ ಲಂಡನ್ನಿನ ನ್ಯಾಷನಲ್ ಲಿಬರಲ್ ಕ್ಲಬ್ಬಿನ ಕಾರ್ಯದರ್ಶಿ. 1885ರಲ್ಲಿ ಮತ್ತು 1892ರಲ್ಲಿ ಪಾರ್ಲಿಮೆಂಟಿಗೆ ನಿಂತು ಎರಡು ಸಲವೂ ಸೋತರು. 1892ರ ಅದೇ ಚುನಾವಣೆಯಲ್ಲಿ ದಾದಾಭಾಯಿ ನವರೋಜಿ ಗೆದ್ದರು. ಭಾರತದ ರಾಷ್ಟ್ರೀಯ ಕಾಂಗ್ರೆಸ್ ಲಂಡನ್ನಿನಲ್ಲಿ 1889ರಲ್ಲಿ ಬ್ರಿಟಿಷ್ ಸಮಿತಿ ಮಾಡಿದಾಗ ಅದರ ಕಾರ್ಯದರ್ಶಿ ಡಿಗ್ಬಿ. 'ಇಂಡಿಯಾ' ಎಂಬ ಅದರ ಪತ್ರಿಕೆಗೆ 1890ರಿಂದ 1892ರ ತನಕ ಅವರೇ ಸಂಪಾದಕರು. ಒಟ್ಟಿನಲ್ಲಿ ಅಧ್ಯಕ್ಷರ ಕುರ್ಚಿ ಅವರಿಗೆ ಸಿಗಲಿಲ್ಲ, ಕಾರ್ಯದರ್ಶಿಯ ಕುರ್ಚಿ ತಪ್ಪಲಿಲ್ಲ.

1896–97ರಲ್ಲಿ ಮತ್ತು 1899–1900ರಲ್ಲಿ ಮತ್ತೆ ಬರ ಬಂತು. ನಮ್ಮ ಜಿಲ್ಲೆಯೂ ಬಿಡಲಿಲ್ಲ. 1891ರಲ್ಲಿ 7,96,339ಕ್ಕೆ ಏರಿದ್ದ ಜನಸಂಖ್ಯೆ 1901ರಲ್ಲಿ 7,35,435ಕ್ಕೆ ಇಳಿಯಿತು. ಡಿಗ್ಬಿ 1901ರಲ್ಲಿ ತಮ್ಮ ಪ್ರಸಿದ್ಧ ಪುಸ್ತಕ ಪ್ರಕಟಿಸಿದರು. ಅದರ ಹೆಸರು 'ಸಮೃದ್ಧ ಬ್ರಿಟಿಷ್ ಇಂಡಿಯಾ' ಎಂದು. ಹೆಸರು ವ್ಯಂಗ್ಯದ್ದು. ಒಬ್ಬ ಭಾರತೀಯನ ದಿನದ ಆದಾಯ 1850ರಲ್ಲಿ 2 ಪೆನ್ಸ್, 1882ರಲ್ಲಿ ಒಂದೂವರೆ ಪೆನ್ಸ್, 1900ರಲ್ಲಿ ಮುಕ್ಕಾಲು ಪೆನ್ನಿ ಎಂದು ಅವರು ಲೆಕ್ಕ ಹಾಕಿದರು. ಸರ್ಕಾರದ ಲೆಕ್ಕ ಬೇರೆ ಇತ್ತು. ಲಾರ್ಡ್ ಕರ್ಜನ್ ತಲಾ ಆದಾಯ ವರ್ಷಕ್ಕೆ 27 ರೂಪಾಯಿಯಿಂದ 30 ರೂಪಾಯಿಗೆ ಏರಿದೆ ಎಂದರು. ಡಿಗ್ಬಿ ಅವರ ಅಂದಾಜಿನಲ್ಲಿ ತಪ್ಪು ಹುಡುಕಿದವರು ಇದ್ದಾರೆ. ಆದರೂ ಆಳುವವರು ತಮ್ಮ ಲೆಕ್ಕ ತಾವೇ ಬರೆದು ತಾವೇ ಸರಿ ಎನ್ನುವಂತಿಲ್ಲ, ಹೊರಗಿನವನೊಬ್ಬ ಅದನ್ನು ತಪಾಸಣೆ ಮಾಡಬೇಕು. ನಾವು ಆಡಿಟ್ ಎನ್ನುವುದು ಇದಕ್ಕೇ. 1904ರ ಸೆಪ್ಟೆಂಬರ್‌ನಲ್ಲಿ ಡಿಗ್ಬಿ ಲಂಡನ್ನಿನಲ್ಲಿ ತೀರಿಕೊಂಡರು.

ಅವರ ಜಗ್ಗಾಟ ವ್ಯರ್ಥ ಆಗಲಿಲ್ಲ. ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಕ್ಷಾಮ ಸಂಹಿತೆ ಬಂತು. ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಮೂಲಕ ಗದಗಿಗೆ ಹೋಗುವ ರೈಲು ದಾರಿ 1884ರಲ್ಲಿ ತೆರೆಯಿತು. ಬರದಲ್ಲಿ ಕಾಳು ತರಲು ದಾರಿ ಬೇಕು ಎಂಬುದೇ ಅದರ ಮುಖ್ಯ ಉದ್ದೇಶ. 1897ರ ಬರದಲ್ಲಿ ಚಂದಾ ನಿಧಿ ಮತ್ತೆ ತೆರೆದಾಗ ಅದರ ನಾಲ್ಕು ಉದ್ದೇಶಗಳನ್ನು ಭಾರತ ಸರ್ಕಾರವೇ ಬರೆದು ಪ್ರಕಟಿಸಿತು: ಸರ್ಕಾರದ ಊಟದ ಮೇಲೆ ಸ್ವಲ್ಪ ಹೆಚ್ಚಿನ ಅನುಕೂಲ, ಅನಾಥರ ಪೋಷಣೆ, ಹೊರಗೆ ಬಾರದ ಮರ್ಯಾದಸ್ಥ ಬಡವರಿಗೆ ನೆರವು, ಎಲ್ಲ ಕಳೆದುಕೊಂಡವರಿಗೆ ಮತ್ತೆ ಬದುಕು ಕಟ್ಟಲು ಸಹಾಯ. 1877ರಲ್ಲಿ ಜಗಳ ಆಡಿ ಎಳೆದ ಗೆರೆ ಇಪ್ಪತ್ತು ವರ್ಷದಲ್ಲಿ ನಿಯಮ ಆಯಿತು.

ನಮ್ಮ ಕಾಲೇಜಿನಂಥ ಸಂಸ್ಥೆಗಳು ಸರ್ಕಾರದ ಹಣದಿಂದ ಮಾತ್ರ ನಿಂತಿಲ್ಲ. ಹಿಂದೆ ಯಾರೋ ಅಂಗಡಿ ಅಂಗಡಿಗೆ ರಸೀದಿ ಪುಸ್ತಕ ಹಿಡಿದು ಹೋಗಿರುತ್ತಾರೆ, ಯಾರೋ ತಮ್ಮ ದಿನದ ಗಳಿಕೆಯಲ್ಲಿ ಹತ್ತು ರೂಪಾಯಿ ಕೊಟ್ಟಿರುತ್ತಾರೆ. ಕಾಮರ್ಸ್ ಓದಿದ ನಮ್ಮಲ್ಲಿ ಹಲವರು ನಾಳೆ ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ, ಮಸೀದಿ ಕಮಿಟಿಯಲ್ಲಿ, ಜಾತ್ರಾ ಕಮಿಟಿಯಲ್ಲಿ, ನೇಕಾರರ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇವೆ. ಆಗ ಮೇಲಿನವರು ಬಂದು ಈ ಹಣ ಆ ಖಾತೆಗೆ ಹಾಕು ಎನ್ನಬಹುದು. ಕೊಟ್ಟವನು ದೂರ ಇರುತ್ತಾನೆ, ಪಡೆಯಬೇಕಾದವನಿಗೆ ಬಾಯಿ ಇರುವುದಿಲ್ಲ. ಇಬ್ಬರ ಪರವಾಗಿ ಮಾತಾಡಲು ಅಲ್ಲಿ ಇರುವುದು ಲೆಕ್ಕ ಬರೆಯುವವರು ಮಾತ್ರ. ಡಿಗ್ಬಿ ಅವರ ಜೀವನದಿಂದ ನಾನು ತೆಗೆದುಕೊಂಡ ಪಾಠ ಇಷ್ಟು: ಹಣ ಯಾವುದಕ್ಕೆ ಬಂತು ಎಂದು ಮೊದಲ ಸಾಲಿನಲ್ಲಿ ಬರೆಯಬೇಕು, ಮತ್ತು ಆ ಸಾಲನ್ನು ಯಾರು ಹೇಳಿದರೂ ಅಳಿಸಬಾರದು.